ಅಪ್‌ಡೇಟ್: ಮೊಣಕೈ ನೋವು ಕೊನೆಗೂ ಹತೋಟಿಗೆ ಬಂತು

ಬಲ ಮೊಣಕೈಯ ಹೊರಬದಿಯ ನೋವಿಗೆ ಫಿಸಿಯೋಥೆರಪಿಯೋ ಅಕ್ಯುಪಂಕ್ಚರೋ (ಸೂಜಿ ಚುಚ್ಚುವ ಚಿಕಿತ್ಸೆ), ಯಾವುದು ಒಳ್ಳೆಯದು ಎಂದು ಹಿಂದೆ ಇಲ್ಲಿ ಕೇಳಿದ್ದೆನಲ್ಲ, ಈಗ ನೀರು ತುಂಬಿದ ಬಕೆಟನ್ನು ಅದೇ ಕೈಯಲ್ಲಿ ಎತ್ತುತ್ತಿದ್ದೇನೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ಫಲ ಕೊಟ್ಟದ್ದು, "ಕೈಗೆ ಪೂರ್ತಿ ವಿಶ್ರಾಂತಿ ಬೇಡ, ಸ್ವಲ್ಪ ಸ್ವಲ್ಪವೇ ಭಾರ ಹೊರಿಸಿ" ಎಂದವರ ಸಲಹೆ. ಫಿಸಿಯೋಥೆರಪಿಸ್ಟ್ ಇದು ಟೆನಿಸ್ ಎಲ್ಬೋ ಎಂದರು. ಟೆನಿಸ್ ಆಡದವರಿಗೂ, ಪದೇ ಪದೇ ಬಿಗಿಯಾಗಿ ಹಿಡಿಯುವ ಯಾವ ಕೆಲಸದಿಂದಲೂ ಇದು ಬರಬಹುದಂತೆ. ಅವರು ಹೇಳಿಕೊಟ್ಟ ವ್ಯಾಯಾಮ ಹೀಗೆ: ಮುಂದೋಳನ್ನು ಮೇಜಿನ ಮೇಲೂರಿ, ಅಂಗೈ ಕೆಳಮುಖವಾಗಿ ಸಣ್ಣ ಡಂಬೆಲ್ ಹಿಡಿಯಬೇಕು. ಇನ್ನೊಂದು ಕೈಯ ನೆರವಿನಿಂದ ಮಣಿಕಟ್ಟನ್ನು ಮೇಲೆತ್ತಿ, ನೋಯುವ ಕೈಯೊಂದರಿಂದಲೇ ಮೆಲ್ಲಗೆ ಇಳಿಸಬೇಕು. ಈ ಇಳಿಸುವುದೇ ಮುಖ್ಯ. ಆಗ ತುಸು ನೋವಾದರೆ ಹೆದರಬೇಕಿಲ್ಲ. ಮರುದಿನ ನೋವು ಹೆಚ್ಚಿದ್ದರೆ ಭಾರ ತಗ್ಗಿಸಬೇಕು. ಹಲವು ವಾರ ಹಿಡಿಯಿತು.

ಅಕ್ಯುಪಂಕ್ಚರ್ ಮಾಡಿಸಿದ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಿತ್ತು, ಆದರೆ ಉಪಶಮನ ಹೆಚ್ಚು ದಿನ ಉಳಿಯಲಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಸೂಜಿ ಚುಚ್ಚುವ ಮೊದಲೇ ಚಿಕಿತ್ಸಕರಿಗೆ ತಿಳಿಸಿ, ದಯವಿಟ್ಟು. ಮೊಣಕೈ ಪಟ್ಟಿಯಿಂದ ನನಗೇನೂ ಪ್ರಯೋಜನವಾಗಲಿಲ್ಲ.

ಅಚ್ಚರಿಯಾದದ್ದು ಸ್ಟೆರಾಯ್ಡ್ ಚುಚ್ಚುಮದ್ದಿನ ವಿಷಯ: ಆರಂಭದಲ್ಲಿ ಬೇಗ ಆರಾಮವೆನಿಸಿದರೂ ತಿಂಗಳುಗಳ ನಂತರ ನೋವು ಮರುಕಳಿಸುವ ಸಾಧ್ಯತೆ ಹೆಚ್ಚಂತೆ. ನಾನು ಹಾಕಿಸಿಕೊಳ್ಳಲಿಲ್ಲ. ವ್ಯಾಯಾಮವನ್ನು ಈಗಲೂ ಮುಂದುವರಿಸಿದ್ದೇನೆ.