ಮದುಮಗಳ ಗೌನಿನ ‘ಟ್ರೇನ್’ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಮದುವೆ ಉಡುಪುಗಳ ಬಗ್ಗೆ ಒಂದು ಲೇಖನ ಕನ್ನಡಿಸುತ್ತಿದ್ದೇನೆ. ಗೌನು, ಲೇಸು, ಮುಸುಕು ಸಲೀಸಾಗಿ ಬಂದವು. ಗೌನಿನ ಹಿಂದೆ ನೆಲದುದ್ದಕ್ಕೂ ಎಳೆದುಕೊಂಡು ಬರುವ ಬಟ್ಟೆ ಇದೆಯಲ್ಲ, ಟ್ರೇನ್, ಅಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲು ಹೊಳೆದದ್ದು ‘ಸೆರಗು’. ಆದರೆ ನಮ್ಮ ಸೆರಗು ಹೊದೆಯಲಿಕ್ಕೂ ಆಯಿತು, ಸೊಂಟಕ್ಕೆ ಸಿಕ್ಕಿಸಿ ಕೆಲಸಕ್ಕಿಳಿಯಲಿಕ್ಕೂ ಆಯಿತು, ಮಗುವಿನ ಮೂಗು ಒರೆಸಲಿಕ್ಕೂ ಆಯಿತು. ಟ್ರೇನ್ ಇದಕ್ಕೆ ತದ್ವಿರುದ್ಧ. ತೊಟ್ಟವಳು ಕೆಲಸ ಮಾಡಲಾರಳು, ಮಾಡಬೇಕಾಗಿಯೂ ಇಲ್ಲ ಎಂದು ನಾಲ್ಕು ಜನಕ್ಕೆ ತೋರಿಸುವುದೇ ಅದರ ಕೆಲಸ. ಎತ್ತಿ ಹಿಡಿಯಲು ಆಳು ಬೇಕು, ಆ ಆಳುಗಳ ಅಂತಸ್ತೂ ಲೆಕ್ಕಕ್ಕೆ ಬರುತ್ತದೆ. 1840ರ ಫೆಬ್ರವರಿ 10ರಂದು, ತನ್ನ ಮದುವೆಯ ದಿನ, ವಿಕ್ಟೋರಿಯಾ ರಾಣಿಯ ಟ್ರೇನ್ ಹಿಡಿದವರು ದೊಡ್ಡ ಮನೆತನಗಳ 12 ಹೆಣ್ಣುಮಕ್ಕಳು. ಅಷ್ಟು ಜನಕ್ಕೆ ಬಟ್ಟೆಯ ಉದ್ದ ಸಾಲದೆ, ಒಬ್ಬರ ಗೌನನ್ನು ಇನ್ನೊಬ್ಬರು ತುಳಿಯುತ್ತ ನಡೆದರಂತೆ! 1981ರ ಮದುವೆಯಲ್ಲಿ ರಾಜಕುಮಾರಿ ಡಯಾನಾ ಅವರದು 25 ಅಡಿ. ಸಾರೋಟಿನಲ್ಲಿ ಮುದುರಿ ಕೂತು, ಚರ್ಚಿನ ಮೆಟ್ಟಿಲ ಬಳಿ ಇಳಿಯುವಾಗ ಗೌನಿನ ಟಾಫೆಟಾ ರೇಷ್ಮೆಯೆಲ್ಲ ಸುಕ್ಕು. ಇಂಥದ್ದನ್ನು ‘ಸೆರಗು’ ಎಂದರೆ ಓದುಗರ ಕಣ್ಣಿಗೆ ಬೇರೆಯೇ ಚಿತ್ರ ಬರುತ್ತದೆ.

ಗೆಳೆಯರೊಬ್ಬರು ಇಡೀ ಉಡುಪಿಗೆ ‘ಪಾವಿತ್ರ್ಯದ ಶ್ವೇತವಸ್ತ್ರ’ ಎನ್ನಿ ಎಂದರು. ನನಗೆ ಒಪ್ಪಿಗೆಯಿಲ್ಲ. ವಿಕ್ಟೋರಿಯಾಗೆ ಮುಂಚೆ ಅಲ್ಲಿನ ಮದುಮಗಳು ಇದ್ದುದರಲ್ಲಿ ಒಳ್ಳೆಯದನ್ನು, ಯಾವ ಬಣ್ಣದ್ದಾದರೂ, ಉಡುತ್ತಿದ್ದಳು. ಆಮೇಲೂ ಅದೇ ಅವಳ ಹಬ್ಬದ ಬಟ್ಟೆ. ರಾಣಿ ಆರಿಸಿಕೊಂಡದ್ದು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನ ರೇಷ್ಮೆ, ಡೆವನ್‌ನ ಕೈಯಲ್ಲಿ ಹೆಣೆದ ಹಾನಿಟನ್ ಲೇಸು. ಯಂತ್ರದ ಲೇಸು ಬಂದು ಕೈಲೇಸಿನವರ ಹೊಟ್ಟೆಗೆ ಕಲ್ಲು ಬಿದ್ದಿದ್ದ ಕಾಲ ಅದು. ಲೇಸು ಎದ್ದು ಕಾಣಲು ಬಿಳಿಯೇ ಸರಿ. ಜೊತೆಗೆ ಬಿಳಿ ಬೇಗ ಕೊಳೆಯಾಗುತ್ತದೆ, ಅದನ್ನು ಕಾಪಾಡಿಕೊಳ್ಳುವುದು ಉಳ್ಳವರ ಮಾತು. ಪಾವಿತ್ರ್ಯದ ವ್ಯಾಖ್ಯಾನ ಗಟ್ಟಿಯಾಗಿ ಅಂಟಿಕೊಂಡದ್ದು ಆಮೇಲೆ. ಹಾಗಾಗಿ ನಾನು ಬರೀ ‘ಬಿಳಿ ಗೌನು’ ಎಂದಿಟ್ಟಿದ್ದೇನೆ. ಮಂಗಳೂರಿನ ಕ್ಯಾಥೊಲಿಕ್ ಮದುವೆಗಳಲ್ಲಿ ಚರ್ಚಿಗೆ ಬಿಳಿ ಗೌನೋ ಬಿಳಿ ಸೀರೆಯೋ ಆದಮೇಲೆ, ಗಂಡಿನ ಕಡೆಯವರು ಕೊಟ್ಟ ಕೆಂಪು ಸೀರೆ ‘ಸಾಡೊ’ ಉಡುವ ಪದ್ಧತಿ ಇದೆ. ಎರಡು ಬಣ್ಣಕ್ಕೂ ಒಂದೇ ದಿನ ಜಾಗ!

ಮತ್ತೆ ಟ್ರೇನ್‌ಗೆ ಬರೋಣ. ‘ಹಿಂಸೆರಗು’, ‘ಇಳಿಬಟ್ಟೆ’ ಎಂದು ಗೀಚಿಕೊಂಡಿದ್ದೇನೆ, ಎರಡೂ ಬಾಯಿಗೆ ಕೂರುತ್ತಿಲ್ಲ. ಕಂಪನಿ ನಾಟಕದ ರಾಜರಾಣಿಯರ ಉಡುಪಿನಲ್ಲಿ ಇಂಥದ್ದಕ್ಕೊಂದು ಹೆಸರಿತ್ತೇ? ಕರಾವಳಿಯಲ್ಲಿ ಚರ್ಚ್ ಮದುವೆಯ ಗೌನು ಹೊಲಿಯುವ ಟೈಲರುಗಳು ಅಳತೆ ತೆಗೆಯುವಾಗ ಇದಕ್ಕೆ ಏನನ್ನುತ್ತಾರೆ? ಬಲ್ಲವರು ದಯವಿಟ್ಟು ತಿಳಿಸಿ.