ಮಾತಿಲ್ಲದ ಹಾಸ್ಯ ಪ್ರಯೋಗ: ಜನ ನಗ್ತಿಲ್ಲ, ಏನು ಮಾಡೋದು?

ಪ್ರಶ್ನೆ: ಒಬ್ಬ ನಟ, ಒಂದು ಬೊಂಬೆ, ಅದನ್ನು ಆಡಿಸುವವನು, ಜೊತೆಗೆ ಸಂಗೀತ. ಮಾತೇ ಇಲ್ಲದ ಹಾಸ್ಯ ಪ್ರಯೋಗ ಕಟ್ಟುತ್ತಿದ್ದೇವೆ. ತಾಲೀಮಿನಲ್ಲಿ ನಾವೇ ಬಿದ್ದು ಬಿದ್ದು ನಗುತ್ತೇವೆ, ನೋಡಲು ಬಂದವರು ಮಾತ್ರ ಪರೀಕ್ಷೆ ಬರೆಯೋಕೆ ಕೂತವರ ಹಾಗೆ ಕೂತಿರುತ್ತಾರೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ: ಮೊದಲು ಬೊಂಬೆ ಆಡಿಸುವವರ ಕಣ್ಣು ಎಲ್ಲಿದೆ ನೋಡಿ. ಅವರು ಪ್ರೇಕ್ಷಕರತ್ತ ನೋಡಿದರೆ ಜನ ಬೊಂಬೆ ಬಿಟ್ಟು ಅವರ ಮುಖ ನೋಡುತ್ತಾರೆ, ಅಲ್ಲಿಗೆ ಕಥೆ ಮುಗೀತು. ಜಪಾನಿನ ಸಾಂಪ್ರದಾಯಿಕ ಬೊಂಬೆಯಾಟ ಬುನ್ರಾಕುವಿನಲ್ಲಿ ಒಂದು ಬೊಂಬೆಗೆ ಮೂವರು: ತಲೆ ಮತ್ತು ಬಲಗೈ ಒಬ್ಬರದು, ಎಡಗೈ ಇನ್ನೊಬ್ಬರದು, ಕಾಲು ಮತ್ತೊಬ್ಬರದು. ಮೂವರೂ ರಂಗದ ಮೇಲೆ ಎದುರಿಗೇ ಇರುತ್ತಾರೆ, ಆದರೂ ನಮಗೆ ಕಾಣೋದು ಬೊಂಬೆ.

ಇನ್ನೊಂದು, ಚಲನೆಯನ್ನು ಬಿಡಿಸಿ ಮಾಡಿ. ಬೊಂಬೆ ನೆಲದ ಮೇಲಿನ ಟೋಪಿ ಎತ್ತಿಕೊಳ್ಳಬೇಕು ಅಂದುಕೊಳ್ಳಿ. ತಲೆ ಟೋಪಿಯತ್ತ ತಿರುಗಲಿ, ನಿಲ್ಲಲಿ. ಎದೆ ಒಂದಿಷ್ಟು ಏರಲಿ, ಅಂದರೆ ಉಸಿರು. ಆಮೇಲೆ ಯಾರಾದರೂ ನೋಡ್ತಿದ್ದಾರಾ ಅಂತ ಮೆಲ್ಲಗೆ ಪ್ರೇಕ್ಷಕರತ್ತ ಒಂದು ನೋಟ. ಕೊನೆಗೆ ಕೈ. ಈ ನೋಟದಲ್ಲೇ ನಗು ಹುಟ್ಟೋದು, ಟೋಪಿ ಎತ್ತೋದರಲ್ಲಿ ಏನೂ ಇಲ್ಲ. ತಲೆ, ಉಸಿರು, ಕೈ ಎಲ್ಲ ಒಟ್ಟಿಗೆ ಹೋದರೆ ಬರೀ ಗಡಿಬಿಡಿ ಕಾಣುತ್ತೆ.

ಮತ್ತೊಬ್ಬರು: ನಾನು ತಾಳವಾದ್ಯದವನು, ಹಾಗಾಗಿ ನನ್ನ ದೂರು ಸಂಗೀತದ ಮೇಲೆ. ಬೀಳುವ ಮುಂಚೆಯೇ ‘ಢಮ್’ ಅಂದುಬಿಟ್ಟರೆ ಗುಟ್ಟು ರಟ್ಟಾಯ್ತು. ರೆಕಾರ್ಡ್ ಮಾಡಿದ ಸಂಗೀತ ಹಾಕಿದರೆ ನಟ ಅದರ ಹಿಂದೆ ಓಡಬೇಕು, ಜನ ನಗುತ್ತಿದ್ದರೂ ಅದು ಕಾಯಲ್ಲ. ಸಾಧ್ಯವಿದ್ದರೆ ಒಬ್ಬರನ್ನಾದರೂ ಎದುರಿಗೆ ಕೂರಿಸಿ ನುಡಿಸಿ. ಆಗದಿದ್ದರೆ ನಗುವಿನ ಜಾಗಗಳಲ್ಲಿ ಸಂಗೀತ ನಿಲ್ಲಿಸಿಬಿಡಿ. 1972ರಲ್ಲಿ ಶುರುವಾದ ಸ್ವಿಟ್ಜರ್ಲೆಂಡಿನ ಮುಮ್ಮೆನ್‌ಶಾನ್ಜ್ ತಂಡ ಮಾತೂ ಇಲ್ಲದೆ, ಸಂಗೀತವೂ ಇಲ್ಲದೆ ಜನರನ್ನು ನಗಿಸಿ ಹೆಸರು ಮಾಡಿದ್ದು. ಟಾಯ್ಲೆಟ್ ಪೇಪರ್ ಸುರುಳಿಗಳೇ ಅವರ ಪಾತ್ರಗಳಿಗೆ ಕಣ್ಣು, ಬಾಯಿ.

ಇನ್ನೊಬ್ಬರು: ಕಥೆ ಜಾಸ್ತಿ ಆಗಿರಬೇಕು. ಬೊಂಬೆಗೆ ಏನೋ ಒಂದು ಬೇಕು, ಅದು ಸಿಗಬಾರದು. ಸಾಕು. ಫ್ಲ್ಯಾಷ್‌ಬ್ಯಾಕ್, ಕನಸು ಇತ್ಯಾದಿ ಮಾತಿರುವ ನಾಟಕಕ್ಕೆ ಬಿಡಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಬೊಂಬೆ ಆಡಿಸುವವನು ತಾನೂ ನಗುತ್ತಾನೆ, ಇದೂ ತೊಂದರೆನಾ?

ಮೊದಲು ಉತ್ತರಿಸಿದವರು: ದೊಡ್ಡ ತೊಂದರೆ! ಬೊಂಬೆಗೆ ಆ ಟೋಪಿ ಜೀವನ್ಮರಣದ ಪ್ರಶ್ನೆ. ಆಡಿಸುವವನ ಮುಖದಲ್ಲೂ ಅದೇ ಗಾಂಭೀರ್ಯ ಇರಲಿ, ಅಥವಾ ಏನೂ ಇಲ್ಲದಿರಲಿ. ಮುಂದಿನ ತಾಲೀಮಿಗೆ ಕಥೆ ಗೊತ್ತಿಲ್ಲದ ಒಬ್ಬರನ್ನು ಕರೆಯಿರಿ. ‘ಹೇಗಿತ್ತು’ ಅಂತ ಕೇಳಿದರೆ ಚೆನ್ನಾಗಿತ್ತು ಅಂದುಬಿಡ್ತಾರೆ. ‘ಏನಾಯ್ತು, ಹೇಳಿ’ ಅನ್ನಿ. ಅವರು ಎಲ್ಲಿ ತಡವರಿಸುತ್ತಾರೋ ಆ ಜಾಗವನ್ನು ಮತ್ತೆ ಕಟ್ಟಿ.