ಕೆಮಿಕಲ್ ಇಂಪೋರ್ಟ್: ಅಡ್ವಾನ್ಸ್ ಕಳಿಸುವ ಮುಂಚೆ ಏನು ನೋಡಬೇಕು? (ಪ್ರಶ್ನೋತ್ತರ)

ಪ್ರಶ್ನೆ (ಪೀಣ್ಯ, ಬೆಂಗಳೂರು):
ನಮಸ್ಕಾರ ಸರ್. ನಮ್ಮದು ಥರ್ಮಾಕೋಲ್ ಇನ್ಸುಲೇಷನ್ ಪ್ಯಾನೆಲ್ ಮಾಡುವ ಸಣ್ಣ ಘಟಕ. ಪ್ಯಾನೆಲ್‌ಗೆ ಬೇಗ ಬೆಂಕಿ ಹತ್ತದ ಹಾಗೆ ಬೆರೆಸುವ ಒಂದು ಪುಡಿಯನ್ನು ಹೊರದೇಶದಿಂದ 2 ಟನ್ ತರಿಸಬೇಕು ಅಂತಿದ್ದೇವೆ. ಮಾಲು ಕಳಿಸುವ ಮುಂಚೆ ಕೊಟ್ಟ ಪ್ರೊಫಾರ್ಮಾ ಇನ್‌ವಾಯ್ಸ್‌ನಲ್ಲಿ ಬ್ರ್ಯಾಂಡ್ ಹೆಸರು, ಎಚ್‌ಎಸ್ ಕೋಡ್ (ಕಸ್ಟಮ್ಸ್‌ನವರು ಸರಕನ್ನು ವಿಂಗಡಿಸುವ ಸಂಖ್ಯೆ) ಎರಡೇ ಇವೆ. ಸಪ್ಲೈಯರ್ "ಇದು ಫ್ರೀ ಐಟಂ, ಲೈಸೆನ್ಸ್ ಬೇಡ" ಅಂತಾನೆ. ಅಡ್ವಾನ್ಸ್ ಕಳಿಸಬಹುದಾ?

ಉತ್ತರ (ಕಸ್ಟಮ್ಸ್ ಬ್ರೋಕರ್):
ಇನ್ನೂ ಕಳಿಸಬೇಡಿ ಸರ್. ಮೊದಲು ಎಸ್‌ಡಿಎಸ್, ಅಂದರೆ ಮಾಲಿನ ಸುರಕ್ಷತಾ ಮಾಹಿತಿ ಪತ್ರ, ತರಿಸಿಕೊಂಡು ಅದರ 3ನೇ ವಿಭಾಗ ನೋಡಿ. ಪುಡಿಯಲ್ಲಿ ಏನೇನಿದೆ, ಪ್ರತಿಯೊಂದರ ಸಿಎಎಸ್ ನಂಬರ್ (ರಾಸಾಯನಿಕದ ಗುರುತಿನ ಸಂಖ್ಯೆ) ಎಷ್ಟು ಅನ್ನೋದು ಅಲ್ಲಿರುತ್ತದೆ. 25637-99-4 ಅಥವಾ 3194-55-6 ಕಂಡರೆ ಆ ಮಾಲನ್ನು ಅಲ್ಲಿಗೇ ಬಿಟ್ಟುಬಿಡಿ. ಅದು ಎಚ್‌ಬಿಸಿಡಿ, ಅಂದರೆ ಹೆಕ್ಸಾಬ್ರೋಮೋಸೈಕ್ಲೋಡೋಡೆಕೇನ್. ಥರ್ಮಾಕೋಲ್‌ಗೆ ವರ್ಷಗಟ್ಟಲೆ ಬಳಸುತ್ತಿದ್ದದ್ದು ಇದನ್ನೇ. ಪರಿಸರದಲ್ಲಿ ಬೇಗ ನಾಶವಾಗದೆ ಉಳಿಯುವ ವಿಷಗಳ ಬಗ್ಗೆ ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಇದು 2013ರಲ್ಲಿ ಸೇರಿತು. ನಮ್ಮ ಕೇಂದ್ರ ಸರ್ಕಾರ 2018ರ ಮಾರ್ಚ್‌ನಲ್ಲಿ ನಿಯಮ ತಂದು ಇದರ ತಯಾರಿಕೆ, ಮಾರಾಟ, ಬಳಕೆ, ಆಮದು, ರಫ್ತು ಎಲ್ಲವನ್ನೂ ನಿಷೇಧಿಸಿದೆ. ಲೈಸೆನ್ಸ್‌ಗೆ ಓಡಾಡಿ ಪ್ರಯೋಜನವಿಲ್ಲ. ಬದಲಿಗೆ ಪಾಲಿಮರ್ ರೂಪದ ಬ್ರೋಮಿನ್ ಸಂಯುಕ್ತಗಳು ಮಾರುಕಟ್ಟೆಗೆ ಬಂದಿವೆ, ಅವನ್ನು ವಿಚಾರಿಸಿ.

"ಫ್ರೀ ಐಟಂ" ಅನ್ನುವ ಮಾತನ್ನು ನಂಬಿ ಕೆಟ್ಟವರನ್ನು ನೋಡಿದ್ದೇನೆ. ಒಂದೇ ಎಚ್‌ಎಸ್ ಕೋಡ್ ಕೆಳಗೆ ಹತ್ತಾರು ರಾಸಾಯನಿಕ ಬರಬಹುದು. ಸಿಎಎಸ್ ನಂಬರ್ ಹಾಗಲ್ಲ, ಅದು ಒಂದು ವಸ್ತುವನ್ನು ಬೆರಳಿಟ್ಟು ತೋರಿಸುತ್ತದೆ.

ಕೆಲವು ವರ್ಷಗಳ ಹಿಂದೆ ಚೆನ್ನೈನಲ್ಲಿ ನಮ್ಮ ಪಾರ್ಟಿಯೊಬ್ಬರ ಕಂಟೇನರ್ ತೆರೆದಾಗ, ಕಾಗದದಲ್ಲಿ "ಇಂಡಸ್ಟ್ರಿಯಲ್ ಅಡಿಟಿವ್" ಅಂತಷ್ಟೇ ಇತ್ತು. ಡ್ರಮ್ಮಿನ ಲೇಬಲ್ ಮೇಲೆ ಒಣಗಿದ ಮರ, ಸತ್ತ ಮೀನಿನ ಚಿತ್ರ, ಅಂದರೆ ಪರಿಸರಕ್ಕೆ ಅಪಾಯ ಅನ್ನುವ ಗುರುತು. ಆಫೀಸರ್ ಫೋನ್‌ನಲ್ಲಿ ಅದರ ಫೋಟೋ ತೆಗೆದು ಕೇಳಿದ್ದು ಒಂದೇ: "ಸಿಎಎಸ್ ನಂಬರ್ ಎಲ್ಲಿ?" ನಮ್ಮ ಹತ್ತಿರ ಇರಲಿಲ್ಲ. ಸಪ್ಲೈಯರ್‌ನಿಂದ ಅದು ಬರುವ ಹೊತ್ತಿಗೆ ಡೆಮರೇಜ್ (ಬಂದರಿನಲ್ಲಿ ಮಾಲು ತಡವಾಗಿ ಉಳಿದದ್ದಕ್ಕೆ ಕಟ್ಟುವ ದಂಡ) ಮಾಲಿನ ಬೆಲೆಯನ್ನೇ ದಾಟಿತ್ತು. ಮುಂಚೆಯೇ ಕೇಳಬೇಕಾಗಿದ್ದವನು ನಾನು. ಅಂದಿನಿಂದ ಎಸ್‌ಡಿಎಸ್ ನೋಡದೆ ಯಾರ ಕೆಲಸವನ್ನೂ ಕೈಗೆತ್ತಿಕೊಂಡಿಲ್ಲ.

ಪ್ರಶ್ನೆ (ಅವರೇ):
ಸ್ಟಾಕ್‌ಹೋಮ್, ರಾಟರ್‌ಡ್ಯಾಮ್ ಅಂತ ಏನೇನೋ ಹೇಳ್ತಾರೆ ಸರ್. ವ್ಯತ್ಯಾಸ ಏನು?

ಉತ್ತರ:
ಸ್ಟಾಕ್‌ಹೋಮ್ ಪಟ್ಟಿಗೆ ಬಂದ ವಸ್ತುವನ್ನು ಲೋಕದಿಂದಲೇ ತೊಲಗಿಸುವುದು ಅಥವಾ ಬಳಕೆಯನ್ನು ಕಟ್ಟಿಹಾಕುವುದು ಉದ್ದೇಶ. ಎಂಡೋಸಲ್ಫಾನ್ 2011ರಲ್ಲಿ ಆ ಪಟ್ಟಿಗೆ ಸೇರಿತು. ನಾನು ಬೆಳ್ತಂಗಡಿ ಕಡೆಯವನು. ಗೇರು ತೋಪಿನ ಮೇಲೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ ಆ ವಿಷದ ನೋವನ್ನು ಇವತ್ತಿಗೂ ಉಣ್ಣುತ್ತಿರುವ ಮನೆಗಳು ಕೊಕ್ಕಡದ ಸುತ್ತಮುತ್ತ ಇವೆ. ಹಾಗಾಗಿ ಈ ಪಟ್ಟಿಗಳನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ.

ರಾಟರ್‌ಡ್ಯಾಮ್ ಒಪ್ಪಂದ ನಿಷೇಧವಲ್ಲ, "ಕೇಳಿ ಕಳಿಸು" ಅನ್ನುವ ಕಟ್ಟಳೆ. 1998ರಲ್ಲಿ ಆಯಿತು, 2004ರಲ್ಲಿ ಜಾರಿಗೆ ಬಂತು, ಭಾರತ ಸೇರಿದ್ದು 2005ರಲ್ಲಿ. ಪಟ್ಟಿಯಲ್ಲಿರುವ ರಾಸಾಯನಿಕ ತನಗೆ ಬೇಕೋ ಬೇಡವೋ, ಷರತ್ತಿನ ಮೇಲೆ ಬೇಕೋ ಅಂತ ಪ್ರತಿ ದೇಶ ಮೊದಲೇ ತಿಳಿಸುತ್ತದೆ. ಕಳಿಸುವ ದೇಶ ಆ ಮಾತಿಗೆ ಬದ್ಧವಾಗಿರಬೇಕು. ಯುರೋಪ್ ಒಕ್ಕೂಟದವರು ಇನ್ನೂ ಬಿಗಿ. ಅವರ ಪಟ್ಟಿಯ ವಸ್ತುವಾದರೆ ರಫ್ತುದಾರ 35 ದಿನ ಮೊದಲೇ ತನ್ನ ಸರ್ಕಾರಕ್ಕೆ ತಿಳಿಸಬೇಕು, ಕೆಲವಕ್ಕೆ ಆಮದು ದೇಶದ ಲಿಖಿತ ಒಪ್ಪಿಗೆಯೂ ಬೇಕು. ನೀವು ದುಡ್ಡು ಕಟ್ಟಿದ್ದರೂ ಮಾಲು ಅಲ್ಲಿಂದ ಅಲುಗದೆ ಇರಬಹುದು.

ಪ್ರಶ್ನೆ (ಧಾರವಾಡ):
ಸರ್, ನಾನು ಸೋಪು, ಶಾಂಪೂ ಮಾಡುತ್ತೇನೆ. ಟ್ರೈಎಥನೋಲಮೀನ್ ತರಿಸಲು ಹೋದರೆ ಸಪ್ಲೈಯರ್ ಏನಕ್ಕೆ ಬಳಸ್ತೀರಿ ಅಂತ ಬರೆದುಕೊಡಿ ಅಂತಿದ್ದಾರೆ. "ಕೆಮಿಕಲ್ ವೆಪನ್" ಅಂತಲೂ ಅಂದರು. ಹೆದರಿಕೆ ಆಗಿದೆ.

ಉತ್ತರ:
ಹೆದರಬೇಡಿ ಮೇಡಂ. ಸೋಪಿಗೆ ಬಳಸುವ ಈ ವಸ್ತುವಿನಿಂದಲೇ ನೈಟ್ರೋಜನ್ ಮಸ್ಟರ್ಡ್ ಎಂಬ ಯುದ್ಧವಿಷವನ್ನೂ ಮಾಡಬಹುದು. ಅದಕ್ಕೇ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದದ 3ನೇ ಅನುಸೂಚಿಯಲ್ಲಿ ಅದರ ಹೆಸರಿದೆ. ಅನುಸೂಚಿ 3 ಅಂದರೆ ಉದ್ಯಮದಲ್ಲಿ ಧಾರಾಳವಾಗಿ ಬಳಕೆಯಲ್ಲಿರುವವು, ಆದರೆ ಲೆಕ್ಕ ಇಡಬೇಕಾದವು. ಎಷ್ಟು ಬಂತು, ಎಷ್ಟು ಹೋಯಿತು ಅಂತ ದೇಶ ಪ್ರತಿ ವರ್ಷ ಈ ಒಪ್ಪಂದವನ್ನು ನೋಡಿಕೊಳ್ಳುವ, ನೆದರ್ಲೆಂಡ್ಸ್‌ನ ಹೇಗ್‌ನಲ್ಲಿರುವ ಸಂಸ್ಥೆಗೆ ಲೆಕ್ಕ ಒಪ್ಪಿಸುತ್ತದೆ. ಬಳಕೆಯ ಪತ್ರದಲ್ಲಿ ನಿಜವನ್ನೇ ಬರೆಯಿರಿ: ಸೋಪು ತಯಾರಿಕೆ, ಘಟಕದ ವಿಳಾಸ, ವರ್ಷಕ್ಕೆ ಎಷ್ಟು ಬೇಕು. ಡ್ರಮ್ ಬಂದದ್ದು, ಬ್ಯಾಚ್‌ಗೆ ಖರ್ಚಾದದ್ದು ರಿಜಿಸ್ಟರ್‌ನಲ್ಲಿರಲಿ. ನಿಮ್ಮ ವ್ಯವಹಾರಕ್ಕೆ ಸ್ವಲ್ಪವೇ ಬೇಕಾದರೆ ಇಲ್ಲಿನ ಡೀಲರ್ ಹತ್ತಿರ ತೆಗೆದುಕೊಳ್ಳುವುದೇ ಲೇಸು.

ಪ್ರಶ್ನೆ (ಮಂಗಳೂರು):
ಅಣ್ಣ, ನಮಗೆ ಥಯೋನಿಲ್ ಕ್ಲೋರೈಡ್ ಬರುವುದಿದೆ. 30 ದಿನ ಮುಂಚೆ ತಿಳಿಸಬೇಕಂತೆ. ಹಡಗು 12 ದಿನದಲ್ಲೇ ಬರುತ್ತದಲ್ಲ?

ಉತ್ತರ:
ಇದೂ ರಾಸಾಯನಿಕ ಅಸ್ತ್ರ ಒಪ್ಪಂದದ ಅದೇ 3ನೇ ಅನುಸೂಚಿಯ ವಸ್ತು, ಸಿಎಎಸ್ 7719-09-7. ಆದರೆ ನೀವು ಕೇಳುತ್ತಿರುವ 30 ದಿನದ ಮಾತು ಬೇರೆ, ಅದು ಭೋಪಾಲ್ ದುರಂತದ ನಂತರ ಬಂದ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮದ 18ನೇ ಕಲಮು. 30 ದಿನ ಮುಂಚೆ, ಅಥವಾ ಸಾಧ್ಯವಾದಷ್ಟು ಬೇಗ. ಏನೇ ಆದರೂ ಆಮದಿನ ದಿನಾಂಕ ಮೀರಬಾರದು. ಕೊನೆಯ ದಿನದವರೆಗೆ ಕಾಯಬೇಡಿ, ಆರ್ಡರ್ ಹಾಕಿದ ದಿನವೇ ಪತ್ರ ಬರೆಯಿರಿ. ಮಾಲು ಪಡೆಯುವವರ ಹೆಸರು ವಿಳಾಸ, ಬಂದರು, ಸಾಗಣೆಯ ಬಗೆ, ಪ್ರಮಾಣ, ಪೂರ್ತಿ ಸುರಕ್ಷತಾ ಮಾಹಿತಿ ಅದರಲ್ಲಿರಬೇಕು. ಯಾವ ಪ್ರಾಧಿಕಾರಕ್ಕೆ ಬರೆಯಬೇಕು ಅಂತ ಈ ನಿಯಮದ 5ನೇ ಅನುಸೂಚಿಯಲ್ಲಿದೆ. ಬಂದರಿನವರಿಗೂ ತಿಳಿದಿರಬೇಕು. ಆಮದಿನ ದಾಖಲೆ ಇದೇ ನಿಯಮದ 10ನೇ ಅನುಸೂಚಿಯ ನಮೂನೆಯಲ್ಲಿ ಇಡಬೇಕು. ಬೇಡ ಅನ್ನಿಸಿದರೆ ಆಮದು ನಿಲ್ಲಿಸುವ ಅಧಿಕಾರವೂ ಪ್ರಾಧಿಕಾರಕ್ಕಿದೆ.

ಇದನ್ನು ಜುಲೈನಲ್ಲಿ ಮಾತ್ರ ತರಿಸಬೇಡಿ ಮಾರಾಯರೇ. ನೀರು ತಾಗಿದರೆ ಹೈಡ್ರೋಜನ್ ಕ್ಲೋರೈಡ್, ಸಲ್ಫರ್ ಡೈಆಕ್ಸೈಡ್ ಎರಡೂ ಹೊಗೆಯಾಗಿ ಏಳುತ್ತವೆ. ಮಂಗಳೂರಿನ ಮಳೆಯಲ್ಲಿ ಒಂದು ಡ್ರಮ್ಮಿನ ಮುಚ್ಚಳ ಸಡಿಲವಾದರೂ ಸಾಕು. ಗೊತ್ತಿಲ್ಲದ ಯಾರೋ ಪಾಪ, ತೊಳೆಯೋಣ ಅಂತ ಪೈಪ್ ಹಿಡಿದರೆ ಇನ್ನೂ ಕೆಟ್ಟದು. ಲಾರಿ ಡ್ರೈವರ್‌ಗೆ ಅಪಾಯಕಾರಿ ಸರಕಿನ ತರಬೇತಿ ಆಗಿರಬೇಕು, ಕೈಯಲ್ಲಿ ಟ್ರೆಮ್ ಕಾರ್ಡ್ (ಸಾಗಣೆಯಲ್ಲಿ ಅವಘಡವಾದರೆ ಏನು ಮಾಡಬೇಕು ಅಂತ ಬರೆದ ಚೀಟಿ) ಇರಬೇಕು. ಅದರಲ್ಲಿ ನೀರು ಹಾಕಬಾರದು ಎಂಬುದನ್ನು ಅವರು ಓದಬಲ್ಲ ಭಾಷೆಯಲ್ಲಿ ದಪ್ಪಕ್ಷರದಲ್ಲಿ ಬರೆಸಿ.

ಪ್ರಶ್ನೆ (ಪೀಣ್ಯದವರು):
ಸರ್, ಎಸ್‌ಡಿಎಸ್ ಬಂತು. 3ನೇ ವಿಭಾಗದಲ್ಲಿ "ಬ್ರೋಮಿನ್ ಸಂಯುಕ್ತ, ಟ್ರೇಡ್ ಸೀಕ್ರೆಟ್" ಅಂತಿದೆ. ನಂಬರ್ ಇಲ್ಲ.

ಉತ್ತರ:
ಹಾಗಾದರೆ ಅಡ್ವಾನ್ಸೂ ಇಲ್ಲ. ಎಚ್‌ಬಿಸಿಡಿ ಇಲ್ಲ ಅಂತ ಎರಡೂ ಸಿಎಎಸ್ ನಂಬರ್ ಹೆಸರಿಸಿ ಲೆಟರ್‌ಹೆಡ್ ಮೇಲೆ ಸಹಿ ಮಾಡಿಕೊಡಲಿ, ಜೊತೆಗೆ ಅರ್ಧ ಕಿಲೋ ಸ್ಯಾಂಪಲ್ ಕಳಿಸಲಿ. ಲ್ಯಾಬ್ ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.